ಮುನ್ನೂರ ನಲವತ್ತು ಮಂದಿಯ ಆರಾಮ

ಹತ್ತು ನಿಮಿಷ ತುಂಬಿ ಟೊಪ್ಪಿಗೆಯ ಅಂಚಿನ ಹಸಿರು ದೀಪ ಆರಿದರೂ ಕುರ್ಚಿಯಲ್ಲಿದ್ದ ಪೈಲ್ವಾನ ಕಣ್ಣು ತೆರೆಯಲಿಲ್ಲ. ಇಪ್ಪತ್ತಾರರ ವಯಸ್ಸು, ಗರಡಿಯ ಮಣ್ಣಿನಲ್ಲಿ ಬೆಳೆದ ಮೈ, ಮನಸ್ಸು ಮಾಡಿದರೆ ಕುರ್ಚಿ ಸಮೇತ ನಮ್ಮನ್ನು ಎತ್ತಿ ಆಚೆಗಿಡುವಂಥ ಆಳು. ಎದುರಿನ ಪರದೆಯಲ್ಲಿ ಅಂಕ ಮೂಡಿತು: ನಲವತ್ತೊಂದು. ಪಕ್ಕದಲ್ಲಿ ನಿಂತಿದ್ದ ಅವನ ಅಪ್ಪ ಅದನ್ನು ಎರಡೆರಡು ಸಲ ನೋಡಿ, ನೂರಕ್ಕೇನ್ರಿ ಎಂದು ಕೇಳಿದ. ನೂರಕ್ಕೇ ಎಂದಳು ಡಾಕ್ಟರ್ ದಾನೇಶ್ವರಿ ಕಮತಗಿ. ಅರವತ್ತೆರಡರ ಕೆಳಗಿದ್ದರೆ ಅದು ಕಾಯಿಲೆ, ನಿಮ್ಮ ಮಗನಿಗೆ ಖಿನ್ನತೆ ಇದೆ, ಇವತ್ತಿನಿಂದಲೇ ಔಷಧಿ ಶುರು ಎಂದೂ ಹೇಳಿದಳು.

ಮೂರು ವರ್ಷದಿಂದ ಆ ಅಪ್ಪ ಮಗನನ್ನು ಮೈಗಳ್ಳ ಎಂದು ಬೈದಿದ್ದ. ಬೆಳಗಾದರೆ ಹೊದಿಕೆ ಎಳೆದು ಎಬ್ಬಿಸಿದ್ದ, ತಾಯಿತ ಕಟ್ಟಿಸಿದ್ದ, ಮದುವೆ ಮಾಡಿದರೆ ಸರಿಹೋದೀತೆಂದು ಎರಡು ಕಡೆ ಹೆಣ್ಣೂ ನೋಡಿ ಬಂದಿದ್ದ. ಈಗ ಅವನು ಹೆಗಲ ಮೇಲಿನ ಟವೆಲ್ ತೆಗೆದು ಮಗನ ಹಣೆಗೆ ಹತ್ತಿದ್ದ ಟೊಪ್ಪಿಗೆಯ ಅಂಟನ್ನು ಒರೆಸಿದ. ಅಂಟು ಹೋದ ಮೇಲೂ ಒರೆಸುತ್ತಲೇ ಇದ್ದ.

ದಾನೇಶ್ವರಿ ಇಂಥ ಅಪ್ಪಂದಿರನ್ನು ಸಾವಿರಗಟ್ಟಲೆ ನೋಡಿದ್ದಳು. ಮನುಷ್ಯ ಬಾಯಿಬಿಟ್ಟು ನನಗಾಗುತ್ತಿಲ್ಲ ಎಂದರೆ ನಂಬದ ನಾವು, ಅದನ್ನೇ ಒಂದು ಅಂಕ ಹೇಳಿದರೆ ಕೈಮುಗಿದು ನಂಬುತ್ತೇವೆ. ಇದು ಇಂದು ನಿನ್ನೆಯ ಚಾಳಿಯಲ್ಲ. ದಾನೇಶ್ವರಿ ಆ ಚಾಳಿ ಬಿಡಿಸುವ ಗೋಜಿಗೆ ಹೋಗದೆ, ಅದಕ್ಕೆ ಬೇಕಾದ ಅಂಕವನ್ನೇ ಹುಡುಕಿ ಕೊಟ್ಟಿದ್ದಳು.

ಅಂಕ ಬರುವುದು ಹೀಗೆ. ಮಿದುಳಿನ ನರಕೋಶಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ. ಎರಡರ ನಡುವೆ ಕೂದಲೆಳೆಗಿಂತ ಸಾವಿರಾರು ಪಟ್ಟು ಕಿರಿದಾದ ಸಂದಿಯೊಂದಿರುತ್ತದೆ. ಆ ಜಾಗಕ್ಕೆ ನರಸಂಧಿ ಎನ್ನುತ್ತಾರೆ. ನೆರೆಮನೆಯವರು ನಡುಗೋಡೆಯ ಮೇಲಿಂದ ಪಲ್ಯದ ಬಟ್ಟಲು ದಾಟಿಸುವಂತೆ ಒಂದು ಕೋಶ ತನ್ನ ಸಂದೇಶವನ್ನು ಇನ್ನೊಂದಕ್ಕೆ ಅಲ್ಲಿ ದಾಟಿಸುತ್ತದೆ. ಬಟ್ಟಲು ಹಿಡಿದು ಚಾಚುವ ಕೈ ಎಂದರೆ ನರಸಂಧಿಯ ಪ್ರೋಟೀನುಗಳು. ಅವು ಕಡಿಮೆಯಾದರೆ ಮನೆಗಳು ನಿಂತೇ ಇರುತ್ತವೆ, ಒಲೆಗಳೂ ಉರಿಯುತ್ತವೆ, ಬಟ್ಟಲು ಮಾತ್ರ ದಾಟುವುದಿಲ್ಲ. ಖಿನ್ನತೆಯಲ್ಲಿ ಈ ಪ್ರೋಟೀನು ಕುಗ್ಗುತ್ತಿರಬಹುದೆಂಬ ಸುಳಿವು ಶತಮಾನದ ಆರಂಭದಲ್ಲೇ ಸಿಕ್ಕಿತ್ತು. ಆದರೆ ಅದನ್ನು ಅಳೆಯಲು ವಿಕಿರಣದ ಚುಚ್ಚುಮದ್ದು ಬೇಕು, ಕೋಣೆ ತುಂಬುವ ಯಂತ್ರ ಬೇಕು. ದಾನೇಶ್ವರಿ ಒಂದು ಲೋಟ ಮಜ್ಜಿಗೆಯಲ್ಲಿ ಬೆರೆಸಿ ಕುಡಿಸಬಹುದಾದ ದ್ರವ ತಯಾರಿಸಿದಳು. ಅದರ ಕಣಗಳು ರಕ್ತದ ಜೊತೆ ಮಿದುಳಿಗೆ ಹೋಗಿ ಆ ಪ್ರೋಟೀನನ್ನೇ ಹುಡುಕಿ ಅಂಟಿಕೊಂಡು ಅತಿ ಕ್ಷೀಣವಾದ ಕಾಂತೀಯ ಸುಳಿವು ಕೊಡುತ್ತವೆ. ತಲೆಗಿಟ್ಟ ಟೊಪ್ಪಿಗೆ ಅವನ್ನು ಎಣಿಸುತ್ತದೆ. ಕಾಗದದ ಮೇಲೆ ಅದರ ಹೆಸರು ಸಂಧಿಮಾಪಕ. ಜನ ಅದನ್ನು ಕರೆದದ್ದು ಟೊಪಗಿ ಎಂದೇ.

ಈ 2061ರ ಹೊತ್ತಿಗೆ ತಾಲ್ಲೂಕಿಗೊಂದು ಟೊಪಗಿ ಬಂದು ಹನ್ನೆರಡು ವರ್ಷವಾಗಿತ್ತು. ಅಂಕ ಅರವತ್ತೆರಡಕ್ಕಿಂತ ಕೆಳಗಿದ್ದವರಿಗೆ ಪ್ರೋಟೀನು ಮತ್ತೆ ಚಿಗುರುವಂತೆ ಮೂಗಿಗೆ ಬಿಡುವ ಹನಿ, ವಾರಕ್ಕೊಮ್ಮೆ ಆಪ್ತ ಸಲಹೆ, ಮೂರು ತಿಂಗಳ ರಜೆ, ಎಲ್ಲವೂ ಹಕ್ಕಿನಿಂದ ಸಿಗುತ್ತಿದ್ದವು. ಮನಸ್ಸು ಗಟ್ಟಿ ಮಾಡ್ಕೋ ಎಂಬ ಉಪದೇಶ ಊರಿಂದಲೇ ಮಾಯವಾಗಿತ್ತು. ಅಂಕ ನಲವತ್ತೊಂದು ಬಂದವನಿಗೆ ಯಾರು ತಾನೇ ಹಾಗೆ ಹೇಳಿಯಾರು? ಅಂಕ ಅರವತ್ತೆರಡು ದಾಟಿದವರಿಗೆ ಊರು ಏನು ಹೇಳುತ್ತಿತ್ತು ಎಂಬುದನ್ನು ಮಾತ್ರ ದಾನೇಶ್ವರಿ ಯಾವತ್ತೂ ವಿಚಾರಿಸಿರಲಿಲ್ಲ.

ಪೈಲ್ವಾನನ ಹಿಂದೆ ಒಳಗೆ ಬಂದವಳು ಸಿಂಚನಾ ಗಾಣಿಗೇರ. ಕೆರೂರಿನಾಚೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಟೀಚರು, ಮೂವತ್ತೆಂಟರ ಹೆಂಗಸು. ಆರು ತಿಂಗಳಲ್ಲಿ ಹುಬ್ಬಳ್ಳಿಯ ಈ ಕೇಂದ್ರಕ್ಕೆ ಅವಳು ಬಂದದ್ದು ಇದು ಮೂರನೇ ಸಲ. ಮೊದಲ ಸಲ ಅಂಕ ಅರವತ್ತೇಳು, ಎರಡನೇ ಸಲ ಅರವತ್ತೈದು. ಮಜ್ಜಿಗೆ ಕುಡಿದು ಒಂದು ತಾಸು ಕಾದು ಕುರ್ಚಿಯಲ್ಲಿ ಕೂತವಳು, ಟೊಪ್ಪಿಗೆ ತಲೆಗೇರಿದ ಕ್ಷಣದಿಂದ ಕೈ ಜೋಡಿಸಿ ತುಟಿಯಲ್ಲೇ ಏನೋ ಅಂದುಕೊಳ್ಳುತ್ತಿದ್ದಳು. ಹೆದರಿದ್ದಾಳೆಂದು ದಾನೇಶ್ವರಿ ತಿಳಿದಳು. ದೀಪ ಆರಿದ್ದೇ ತಡ, ಸಿಂಚನಾ ಪರದೆಯ ಕಡೆ ನೋಡದೆ ಕೇಳಿದಳು.

“ಈ ಸಲ ಕಡಿಮಿ ಬಂದೈತೇನ್ರಿ ಮೇಡಂ?”

ಆಗ ದಾನೇಶ್ವರಿಗೆ ತಿಳಿಯಿತು, ಈಕೆ ಬೇಡಿಕೊಂಡದ್ದು ಅಂಕ ಇಳಿಯಲಿ ಎಂದು. ಮೈಯಲ್ಲಿ ರೋಗ ಇಲ್ಲದಿರಲಿ ಎಂದು ಬೇಡುವವರನ್ನು ನೋಡಿದ್ದ ಅವಳಿಗೆ, ರೋಗ ಸಿಗಲಿ ಎಂದು ಬೇಡುವವಳು ಹೊಸಬಳು. ಅಂಕ ಅರವತ್ತಾರು ಬಂದಿತ್ತು.

ಸಿಂಚನಾ ಚೀಟಿಯನ್ನು ಮಡಿಚುತ್ತಾ, ಯಾರ ಮೇಲೂ ಸಿಟ್ಟಿಲ್ಲದ ದನಿಯಲ್ಲಿ ಒಂದಷ್ಟು ಹೇಳಿದಳು. ಎಂಟು ತಿಂಗಳಾಯಿತಂತೆ. ಕರಿಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತರೆ ಮುಂದಿನ ಅಕ್ಷರ ಯಾವುದೆಂದು ಹೊಳೆಯುವುದಿಲ್ಲ, ಮೂರನೇ ಕ್ಲಾಸಿನ ಮಕ್ಕಳೇ ಹೇಳಿಕೊಡುತ್ತಾರೆ. ಉಪ್ಪು ಖಾರ ನಾಲಿಗೆಗೆ ಹತ್ತುವುದಿಲ್ಲ. ಗಂಡ ಮುತ್ತಪ್ಪ ಗಾಳಿಯಂತ್ರದ ರಿಪೇರಿಗೆ ಹೋಗುವವನು, ಕೆಟ್ಟವನೇನಲ್ಲ, ಮೊದಮೊದಲು ಅರ್ಧ ನಂಬಿದ್ದ. ಅರವತ್ತೇಳರ ಚೀಟಿ ನೋಡಿದ ಮೇಲೆ ಆ ಅರ್ಧವೂ ಹೋಯಿತು. ಈಗ ಅವನು ಚೀಟಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬೀಗರಿಗೂ ತೋರಿಸುತ್ತಾನೆ. ಮುಖ್ಯೋಪಾಧ್ಯಾಯರು ರಜೆಯ ಅರ್ಜಿಯ ಮೇಲೆ ಅಂಕ ಬರೆದು ವಾಪಸು ಕೊಟ್ಟಿದ್ದಾರೆ. ಟೊಪಗಿ ಬರುವ ಮುಂಚೆ ಇಂಥ ಕಾಯಿಲೆ ಬಂದವರಿಗೆ ಜನ ಸುಳ್ಳಿರಬಹುದು ಅನ್ನುತ್ತಿದ್ದರಂತೆ. ಈಗ ಇದು ಸುಳ್ಳು ಎಂದೇ ಅನ್ನುತ್ತಾರೆ, ಅಷ್ಟೇ ಫರಕು ಎಂದಳು.

ದಾನೇಶ್ವರಿ ನಿಂತಲ್ಲೇ, ಕೈಯಲ್ಲಿ ಪೆನ್ನು ಹಿಡಿದೇ, ಇಂಥವರಿಗೆ ಹೇಳುವುದನ್ನೇ ಹೇಳಿದಳು. ನಿಮ್ಮ ನರಸಂಧಿಗಳು ಚೆನ್ನಾಗಿವೆ, ಇದು ದಣಿವಿರಬೇಕು, ಬೆಳಿಗ್ಗೆ ಒಂದಿಷ್ಟು ನಡೆದಾಡಿ, ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ನೋಡೋಣ. ಹೊರಗೆ ಇನ್ನೂ ಹದಿನಾರು ಮಂದಿ ಕಾದಿದ್ದರು.

“ಆತ್ರಿ. ಇನ್ನ ಬರಂಗಿಲ್ರಿ ನಾ,” ಎಂದಳು ಸಿಂಚನಾ. “ಬರೋದು ಬ್ಯಾಡ ಅನಸೈತಿ.”

ಬಾಗಿಲಲ್ಲಿ ತಂತ್ರಜ್ಞ ರಾಜೇಸಾಬ ನದಾಫ ಮಜ್ಜಿಗೆ ಲೋಟಗಳ ತಟ್ಟೆ ಹಿಡಿದು ಬರುತ್ತಿದ್ದ. ದಾನೇಶ್ವರಿಯ ಜೊತೆ ಮೊದಲ ದಿನದಿಂದ ದುಡಿದವನು, ಬಂದವರನ್ನೆಲ್ಲ ಮಾತಾಡಿಸಿಯೇ ಕಳಿಸುವವನು. ಹೆಂಗದೀರಿ ಟೀಚರ, ಆರಾಮ ಎಂದು ಕೇಳಿದ.

“ಆರಾಮ್ರಿ. ನೀವು ಆರಾಮ?” ಎಂದಳು ಸಿಂಚನಾ. ನಕ್ಕಳು ಕೂಡ. ಸೆರಗು ಸರಿಮಾಡಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ದಾನೇಶ್ವರಿಯ ಕೈಯಲ್ಲಿದ್ದ ಪೆನ್ನು ನಿಂತಿತು. ಎರಡು ತಾಸು ಬಸ್ಸಿನಲ್ಲಿ ಬಂದು, ನಾನು ಆರಾಮಿಲ್ಲ ಎಂದು ಸಾಬೀತು ಮಾಡಲು ದೇವರಿಗೆ ಕೈಮುಗಿದು, ಸೋತು ಎದ್ದುಹೋಗುತ್ತಿರುವವಳು. ಅವಳನ್ನು ಒಬ್ಬ ಮನುಷ್ಯ ಬಾಗಿಲಲ್ಲಿ ಕೇಳಿದರೆ ಅವಳ ಬಾಯಿಗೆ ಬಂದದ್ದು ಆರಾಮ. ಹಾಗಾದರೆ ಈ ಮಾತನ್ನು ತಾನು ಇನ್ನೆಲ್ಲಿ, ಇನ್ನೆಷ್ಟು ಬಾಗಿಲುಗಳಲ್ಲಿ ಕೇಳಿ ಬರೆದುಕೊಂಡಿದ್ದೆ?

ಹೊರಗಿನ ಹದಿನಾರು ಮಂದಿಯನ್ನು ಕಿರಿಯ ವೈದ್ಯರಿಗೆ ಒಪ್ಪಿಸಿ, ರಾಜೇಸಾಬನಿಂದ ಹದಿನಾಲ್ಕು ವರ್ಷದ ಹಿಂದಿನ ಕಡತಗಳನ್ನು ತರಿಸಿದಳು.

ಅರವತ್ತೆರಡು ಎಂಬ ಗೆರೆ ಆಕಾಶದಿಂದ ಬಿದ್ದದ್ದಲ್ಲ. ಯಾವ ಅಂಕ ಕಾಯಿಲೆಯದು ಎಂದು ಹೇಳಬೇಕಾದರೆ ಮೊದಲು ಕಾಯಿಲೆ ಇಲ್ಲದವರ ಅಂಕ ಗೊತ್ತಿರಬೇಕು. ಅದಕ್ಕಾಗಿ 2047ರಲ್ಲಿ ದಾನೇಶ್ವರಿ ತನ್ನ ಹುಟ್ಟೂರು ಗುಳೇದಗುಡ್ಡಕ್ಕೆ ಹೋಗಿದ್ದಳು. ಕುಪ್ಪಸದ ಖಣ ನೇಯುವ ಊರು, ಮನೆಮನೆಯೂ ಪರಿಚಯ, ತಮ್ಮ ಕೇರಿಯ ಹುಡುಗಿ ಡಾಕ್ಟರಾಗಿ ಬಂದಿದ್ದಾಳೆಂದು ಯಾರೂ ಇಲ್ಲ ಅನ್ನಲಿಲ್ಲ. ಮುನ್ನೂರ ನಲವತ್ತೊಂಬತ್ತು ಮಂದಿಗೆ ಇಪ್ಪತ್ತೊಂದು ಪ್ರಶ್ನೆ ಕೇಳಿದ್ದಳು. ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಬದುಕು ಸಾಕೆನಿಸುತ್ತದೆಯೇ? ಆಗುತ್ತಿಲ್ಲ ಎಂದ ಒಂಬತ್ತು ಮಂದಿಯನ್ನು ರೋಗಿಗಳೆಂದು ಬದಿಗಿಟ್ಟಳು. ಉಳಿದ ಮುನ್ನೂರ ನಲವತ್ತು ಮಂದಿ ಆರೋಗ್ಯವಂತರು. ಅವರ ತಲೆಗೆ ಟೊಪ್ಪಿಗೆ ಇಟ್ಟು, ಬಂದ ಅಂಕಗಳಲ್ಲಿ ತೀರಾ ಕೆಳಗಿನ ಏಳನ್ನು ಬಿಟ್ಟು, ಅಲ್ಲಿ ಗೆರೆ ಎಳೆದಳು. ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆ ಗೆರೆಯೇ ಆಮೇಲೆ ರಾಜ್ಯಕ್ಕೆ, ದೇಶಕ್ಕೆ ಗೆರೆಯಾಯಿತು.

ಈಗ ಪುಟ ತಿರುವಿದರೆ ತನ್ನದೇ ಕೈಬರಹ. ಆರಾಮ, ಆರಾಮ, ಆರಾಮ. ಇಪ್ಪತ್ತೊಂದು ಪ್ರಶ್ನೆಗೂ ಅದೇ.

ಆ ಸೀಮೆಯಲ್ಲಿ ಬಾಗಿಲಿಗೆ ಬಂದವರು ಆರಾಮೇನ್ರಿ ಎಂದರೆ ಆರಾಮ್ರಿ ಎನ್ನಬೇಕು. ಊಟ ಆತೇನ್ರಿ ಎಂದರೆ ಆತ್ರಿ ಎನ್ನಬೇಕು, ಅಂದು ಒಲೆಯೇ ಹೊತ್ತದಿದ್ದರೂ. ಮನೆಯ ಸಂಕಟವನ್ನು ಬಂದವರ ಕೈಗೆ ಕೊಟ್ಟು ಕಳಿಸುವುದು ಮರ್ಯಾದೆಯಲ್ಲ. ಇದನ್ನು ಯಾರೂ ಕಲಿಸುವುದಿಲ್ಲ, ನಡೆಯಲು ಬಂದ ಮಗುವಿಗೂ ಗೊತ್ತಿರುತ್ತದೆ. ಪರದೇಶದಿಂದ ಬಂದ ವಿಜ್ಞಾನಿಯಾಗಿದ್ದರೆ, ಒಂದು ಊರಿಗೆ ಊರೇ ಹೀಗೆ ಸುಖವಾಗಿರಲು ಹೇಗೆ ಸಾಧ್ಯ ಎಂದು ತಲೆ ಕೆರೆದುಕೊಳ್ಳುತ್ತಿದ್ದ. ದಾನೇಶ್ವರಿಗೆ ಆ ಅನುಮಾನ ಬರಲಿಲ್ಲ. ಅವಳನ್ನು ಕೇಳಿದ್ದರೆ ಅವಳೂ ಅದನ್ನೇ ಹೇಳುತ್ತಿದ್ದಳು.

ಆ ಊರು ಆ ವರ್ಷ ಹೇಗಿತ್ತು ಎಂಬುದೂ ಈಗ ನೆನಪಾಯಿತು. ತಾನಾಗಿ ನೇಯುವ ಯಂತ್ರಗಳು ಬಂದು ಕೈಮಗ್ಗಗಳು ನಿಂತು ಮೂರು ವರ್ಷವಾಗಿತ್ತು. ಹಗಲೆಲ್ಲ ಲಟಪಟ ಎನ್ನುತ್ತಿದ್ದ ಕೇರಿಗಳಲ್ಲಿ ಸದ್ದೇ ಇರಲಿಲ್ಲ. ಗಂಡಸರು ಕಟ್ಟೆಯ ಮೇಲೆ ಕೂತು ರಸ್ತೆ ನೋಡುತ್ತಿದ್ದರು. ಆ ಊರಿನ ಮಿದುಳುಗಳನ್ನು ಅಳೆದು, ಆರೋಗ್ಯ ಎಂದರೆ ಇದು ಎಂದು ಅವಳು ದೇಶಕ್ಕೆಲ್ಲ ಹೇಳಿದ್ದಳು. ಕಾಯಿಲೆಯವರ ಅಂಕಗಳೂ ಬೆರೆತಿದ್ದರಿಂದ ಗೆರೆ ಬಹಳ ಕೆಳಗೆ ಬಿದ್ದಿತ್ತು.

“ನೀವು ಬಾಗಲಾಗ ನಿಂತು ಪಟಪಟ ಓದತಿದ್ರಿ ಮೇಡಂ, ಅವರು ಪಟಪಟ ಆರಾಮ ಅಂತಿದ್ರು,” ಎಂದ ರಾಜೇಸಾಬ. “ದಿನಕ್ಕ ಮೂವತ್ತು ಮನಿ ಮುಗಸತಿದ್ವಿ. ಏನ್ ಚುರುಕು ಮಂದಿ ಅಂತ ನಾ ಹೊಗಳಿದ್ದೆ ನೋಡ್ರಿ.” ಅವನು ಎಂದಿನಂತೆ ತಮಾಷೆಗೆ ಶುರುಮಾಡಿದ್ದ. ಅವಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ.

ಹದಿನೇಳನೇ ಹೆಸರು ಕಸ್ತೂರೆವ್ವ ಕಮತಗಿ. ವಯಸ್ಸು ಅರವತ್ತೈದು. ಇಪ್ಪತ್ತೊಂದು ಆರಾಮ. ಅಂಕ ಅರವತ್ತಮೂರು. ದಾನೇಶ್ವರಿಯ ತಾಯಿ.

ಸಿಂಚನಾಳ ಫೋನಿಗೆ ಕರೆ ಮಾಡಿದರೆ ಎತ್ತಲಿಲ್ಲ. ಬಸ್ಸಿನ ಸದ್ದಿನಲ್ಲಿ ಕೇಳಿಸಿರಲಿಕ್ಕಿಲ್ಲ ಎಂದುಕೊಂಡು ಮತ್ತೊಮ್ಮೆ ಮಾಡಿದಳು, ಮತ್ತೆ ಮಾಡಿದಳು. ಬರೋದು ಬ್ಯಾಡ ಅನಸೈತಿ ಎಂಬ ಮಾತು ಈಗ ಬೇರೆಯೇ ಆಗಿ ಕೇಳಿಸತೊಡಗಿತು. ರಾಜೇಸಾಬ ಗಾಡಿ ತೆಗೆದ. ಕೆರೂರಿನ ದಾರಿಯಲ್ಲೇ ದಾನೇಶ್ವರಿಯ ಮನೆ. ಬಸ್ಸು ಹಳ್ಳಿ ಮುಟ್ಟಲು ಇನ್ನೂ ಹೊತ್ತಿದೆ, ಒಂದು ಗಳಿಗೆ ನಿಲ್ಲಿಸು ಎಂದಳು. ಗೆರೆ ತಪ್ಪು ಎಂದು ಆ ಹೆಂಗಸಿನ ಮುಂದೆ ಹೇಳುವ ಮೊದಲು ಒಬ್ಬರನ್ನು ಕೇಳಲೇಬೇಕಿತ್ತು.

ಕಸ್ತೂರೆವ್ವ ಅಡುಗೆಮನೆಯ ನೆಲದ ಮೇಲೆ ಕೂತು ಚವಳಿಕಾಯಿ ಮುರಿಯುತ್ತಿದ್ದಳು. ಎಪ್ಪತ್ತೊಂಬತ್ತಾದರೂ ಬೆರಳು ಚುರುಕು. ಹನ್ನೆರಡು ವರ್ಷದಿಂದ ಮಗಳ ಜೊತೆಗೇ ಇದ್ದಾಳೆ. ದಿನಾ ಮಧ್ಯಾಹ್ನ ದಾನೇಶ್ವರಿ ಬಂದು ಯವ್ವಾ ಆರಾಮದಿ ಎನ್ನುವುದು, ಆಕೆ ಆರಾಮ ಅದೀನಿ ಎನ್ನುವುದು, ಇವಳು ಉಂಡು ಓಡುವುದು. ಇವತ್ತೂ ಹಾಗೇ ಆಯಿತು. ಆರಾಮ ಅದೀನಿ, ಬಡಸ್ಲಿ ಎಂದು ಕಸ್ತೂರೆವ್ವ ಏಳಹೋದಳು.

ದಾನೇಶ್ವರಿ ಚಪ್ಪಲಿ ಬಿಟ್ಟು ಬಂದು ಎದುರಿಗೆ ಕೂತಳು. ಒಂದು ಹಿಡಿ ಕಾಯಿ ತೆಗೆದುಕೊಂಡು ತಾನೂ ಮುರಿಯತೊಡಗಿದಳು. ಮುರಿಯುತ್ತಲೇ, ಗುಳೇದಗುಡ್ಡದಲ್ಲಿ ನಿನಗೆ ಟೊಪಗಿ ಹಾಕಿದ್ದೆನಲ್ಲ, ಆಗ ಖರೇನೇ ಆರಾಮಿದ್ದೆಯಾ ಎಂದು ಕೇಳಿದಳು. ಕಸ್ತೂರೆವ್ವ ನಕ್ಕು, ನಿನಗ ಹೊಟ್ಟಿ ಹಸದೈತಿ, ಅದಕ್ಕ ಹಿಂಗ ಮಾತಾಡ್ತಿ ಎಂದಳು. ಮಗಳು ಏಳಲಿಲ್ಲ. ಇನ್ನೊಂದು ಹಿಡಿ ಕಾಯಿ ಮುರಿದಾಯಿತು. ಮತ್ತೊಂದೂ ಆಯಿತು. ಹೊರಗೆ ರಾಜೇಸಾಬ ಒಮ್ಮೆ ಹಾರ್ನ್ ಹೊಡೆದು ಸುಮ್ಮನಾದ.

“ಮಗ್ಗ ಬಿಚ್ಚಿ ಒಲಿಗೆ ಹಾಕಿದ ವರ್ಷ ಅದು,” ಎಂದಳು ಕಸ್ತೂರೆವ್ವ, ಕಾಯಿಯಿಂದ ಕಣ್ಣೆತ್ತದೆ. “ಕಾಲು ಇಳಿಬಿಟ್ಟು ನೇಯೂ ಮಗ್ಗದ ಕುಣಿಗೆ ಮಣ್ಣು ತುಂಬಿ ಬಡದಿದ್ರು. ಅದರ ಮ್ಯಾಲೆ ಕಾಲಿಡಾಕ ನನ್ನ ಕಡಿಂದ ಆಗತಿರಲಿಲ್ಲ. ಬಾವಿ ಕಟ್ಟಿ ಮ್ಯಾಲೆ ಎರಡು ಸಲ ಹೋಗಿ ಕುಂತು ತಿರುಗಿ ಬಂದೀನಿ.”

ನನಗೆ ಹೇಳಬಾರದಿತ್ತೇ ಎಂದಳು ದಾನೇಶ್ವರಿ.

“ನೀ ನಿಂತ ಕೇಳಿದಿ, ದಾನವ್ವ. ಕಾಲಾಗ ಚಪ್ಪಲಿ, ಕೈಯಾಗ ಕಾಗದ. ಮುಂದಿನ ಮನಿಗೆ ಹೊತ್ತಾಗೈತಿ ಅಂತ ಮುಖದ ಮ್ಯಾಲೆ ಬರದಿತ್ತು. ನಿಂತವರಿಗೆ ಯಾರು ಹೇಳತಾರ? ಆರಾಮ ಅಂದು ಕಳಸೂದು.”

ಇದರಲ್ಲಿ ದೂರಿರಲಿಲ್ಲ. ಅದೇ ದಾನೇಶ್ವರಿಗೆ ಹೆಚ್ಚು ಚುಚ್ಚಿತು. ಮತ್ತೆ ಹೇಗೆ ಉಳಿದೆ ಎಂದು ಕೇಳಿದಳು. ಎದುರುಮನೆಯ ಗಂಗವ್ವ ದಿನಾ ಮಧ್ಯಾಹ್ನ ಬಂದು ಕೂರುತ್ತಿದ್ದಳಂತೆ. ಏನೂ ಕೇಳುತ್ತಿರಲಿಲ್ಲವಂತೆ. ಒಂದು ದಿನ ಬರುವುದು ತಡವಾದರೆ ತಾನೇ ಬಾಗಿಲಿಗೆ ಹೋಗಿ ದಾರಿ ನೋಡುವ ಹಾಗಾಯಿತಂತೆ. ಇಷ್ಟೆಲ್ಲ ತನ್ನ ತಾಯಿಯ ತಲೆಯೊಳಗಿತ್ತು, ಆ ತಲೆಗೆ ತಾನೇ ಟೊಪ್ಪಿಗೆ ಇಟ್ಟಿದ್ದೆ, ಹನ್ನೆರಡು ವರ್ಷ ಮೂರು ಹೊತ್ತಿನ ಊಟವನ್ನೂ ಒಂದೇ ಸೂರಿನಡಿ ಉಂಡಿದ್ದೆ ಎಂದು ದಾನೇಶ್ವರಿಗೆ ಅಳು ಒತ್ತಿ ಬಂತು. ಅತ್ತಳು. ಅಳುತ್ತಲೇ ಟೀಚರ ವಿಷಯ ಹೇಳಿದಳು.

ಕಸ್ತೂರೆವ್ವ ಅವಳ ಮಡಿಲಲ್ಲಿದ್ದ ಕಾಯಿಗಳನ್ನು ತನ್ನ ಮೊರಕ್ಕೆ ಸುರಿದುಕೊಂಡಳು. “ಅಳೂದು ಆಮ್ಯಾಲೆ. ಊಟನೂ ಆಮ್ಯಾಲೆ. ಮೊದಲ ಅಲ್ಲಿಗೆ ಹೋಗು,” ಎಂದಳು.

ಹಳ್ಳಿ ಮುಟ್ಟಿದಾಗ ಬಿಸಿಲು ಇನ್ನೂ ಗೋಡೆಗಳ ಮೇಲಿತ್ತು. ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು. ಸಿಂಚನಾಳ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಆಕೆ ನಿಂತಿದ್ದನ್ನು ಕಂಡ ಮೇಲೆ ದಾನೇಶ್ವರಿಗೆ ಹೋದ ಉಸಿರು ಬಂದಂತಾಯಿತು. ಆದರೆ ಮನೆ ಅತಿಯಾಗಿ ಚೊಕ್ಕವಾಗಿತ್ತು. ಪಾತ್ರೆ ತೊಳೆದು ಬೋರಲು ಹಾಕಿತ್ತು. ಮೇಜಿನ ಮೇಲೆ ಮಕ್ಕಳ ಉತ್ತರ ಪುಸ್ತಕಗಳನ್ನು ತಿದ್ದಿ, ಕ್ಲಾಸುವಾರು ದಾರ ಕಟ್ಟಿ, ಮೇಲೆ ಹೆಸರಿನ ಚೀಟಿ ಅಂಟಿಸಿ, ಅದರ ಮೇಲೆ ಶಾಲೆಯ ಬೀರುವಿನ ಕೀಲಿಕೈ ಇಟ್ಟಿತ್ತು.

ಸಿಂಚನಾ ಅವಳನ್ನು ನೋಡಿ ಗಾಬರಿಯಾದರೂ ರೂಢಿ ತಪ್ಪಲಿಲ್ಲ. “ಬರ್ರಿ ಮೇಡಂ. ಆರಾಮ?”

“ಇಲ್ರಿ. ನಾ ಆರಾಮಿಲ್ಲ,” ಎಂದಳು ದಾನೇಶ್ವರಿ. “ಕುಂದರಬೇಕಾಗೈತಿ.”

ಸಿಂಚನಾ ಒಳಗಿಂದ ಚಾಪೆ ತಂದು ಹಾಸಿದಳು. ದಾನೇಶ್ವರಿ ಚಪ್ಪಲಿ ಬಿಟ್ಟು ಕೂತಳು. ಗುಳೇದಗುಡ್ಡದ ಮುನ್ನೂರ ನಲವತ್ತು ಮಂದಿಯ ಕತೆಯನ್ನೂ, ಬಾವಿಕಟ್ಟೆಯ ಮೇಲೆ ಕೂತುಬಂದ ತನ್ನ ತಾಯಿಯ ಕತೆಯನ್ನೂ ಹೇಳಿದಳು. ಗೆರೆ ಎಳೆದವಳು ನಾನು, ತಪ್ಪು ಜಾಗದಲ್ಲಿ ಎಳೆದೆ, ನಿಮ್ಮ ಅರವತ್ತಾರು ಆರೋಗ್ಯದ ಅಂಕ ಅಲ್ಲ ಎಂದಳು. ಸಿಂಚನಾ ಅದನ್ನು ಬೇರೆ ಯಾರದೋ ಸುದ್ದಿಯಂತೆ ಕೇಳಿದಳು. ದಾನೇಶ್ವರಿ ಮೇಜಿನ ಕಡೆ ನೋಡಿ, ಆ ಕಟ್ಟುಗಳು ಯಾರಿಗೆ ಎಂದು ಕೇಳಿದಳು.

“ಸೋಮವಾರ ನನ್ನ ಬದಲಿ ಯಾರರ ಬಂದ್ರ, ಅವರಿಗೆ ಹುಡುಕಾಡೂದು ಆಗಬಾರದಲ್ರಿ.”

ಮಾಡಲು ದಾನೇಶ್ವರಿಗೆ ಒಂದೇ ಕೆಲಸ ಉಳಿದಿತ್ತು. ಹದಿನಾಲ್ಕು ವರ್ಷದ ಹಿಂದೆ ಮುನ್ನೂರ ನಲವತ್ತೊಂಬತ್ತು ಸಲ ಮಾಡಿ, ಒಂದು ಸಲವೂ ಸರಿಯಾಗಿ ಮಾಡದ ಕೆಲಸ.

“ನೀವು ಹೆಂಗದೀರಿ?” ಎಂದು ಕೇಳಿದಳು.

ಸಿಂಚನಾಳ ಬಾಯಿ ರೂಢಿಯಂತೆ ಆ ಪದಕ್ಕೆ ತೆರೆದು ಹಾಗೇ ನಿಂತಿತು. ದಾನೇಶ್ವರಿ ಗಡಿಯಾರ ನೋಡಲಿಲ್ಲ, ಕಾಲು ಸರಿಸಲಿಲ್ಲ, ಉತ್ತರಕ್ಕೆ ನೆರವೂ ಕೊಡಲಿಲ್ಲ. ಹೊರಗೆ ರಾಜೇಸಾಬ ಗಾಡಿಯ ಎಂಜಿನ್ ಆರಿಸಿದ್ದು ಕೇಳಿಸಿತು. ಗೋಡೆಯ ಮೇಲಿನ ಬಿಸಿಲು ಒಂದು ಗೇಣು ಮೇಲಕ್ಕೆ ಸರಿಯಿತು.

“ನನ್ನ ಕಡಿಂದ ಆಗವಲ್ದ್ರಿ,” ಎಂದಳು ಸಿಂಚನಾ ಕೊನೆಗೆ. “ಇವತ್ತ ರಾತ್ರಿ ದಾಟಸೂದೂ ಆಗವಲ್ದು.” ಹೇಳಿದ ಮೇಲೆ ಅವಳು ಅತ್ತಳು. ಎಂಟು ತಿಂಗಳಲ್ಲಿ ಅಳು ಬಂದದ್ದು ಅದೇ ಮೊದಲಂತೆ.

ಮುತ್ತಪ್ಪ ಕೆಲಸ ಮುಗಿಸಿ ಬಂದಾಗ ಇಬ್ಬರೂ ಚಾಪೆಯ ಮೇಲೆಯೇ ಇದ್ದರು. ದಾನೇಶ್ವರಿ ಅವನನ್ನೂ ಕೂರಿಸಿ, ಅವನ ಹೆಂಡತಿಯ ಎದುರಿಗೇ ಹೇಳಿದಳು: ಸುಳ್ಳು ಹೇಳಿದ್ದು ಈಕೆಯಲ್ಲ, ನನ್ನ ಗೆರೆ. ಅವನು ಅಂಗಿಯ ಜೇಬಿನಿಂದ ಮಡಿಕೆ ಸವೆದ ಅರವತ್ತೇಳರ ಚೀಟಿ ತೆಗೆದು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡ. ಆ ಸಂಜೆಯೇ ನಾಲ್ವರೂ ಹುಬ್ಬಳ್ಳಿಗೆ ಬಂದರು. ಗೆರೆಯ ಮೇಲಿದ್ದವಳಿಗೆ ಹನಿ ಕೊಟ್ಟದ್ದಕ್ಕೆ ದಾನೇಶ್ವರಿ ಆಮೇಲೆ ಲಿಖಿತ ವಿವರಣೆ ಕೊಡಬೇಕಾಯಿತು. ಕೊಟ್ಟಳು.

ಹನ್ನೊಂದು ತಿಂಗಳು ಹೊಸದಾಗಿ ಅಳೆದರು. ಈ ಸಲ ಬೇರೆ ಬೇರೆ ಊರು, ಒಬ್ಬೊಬ್ಬರ ಬಳಿ ಅರ್ಧ ದಿನ. ಗೆರೆ ಅರವತ್ತೆರಡರಿಂದ ಎಪ್ಪತ್ತಮೂರಕ್ಕೆ ಏರಿತು. ಏರಿದ ಗೆರೆಯೂ ಮನುಷ್ಯನ ಮಾತಿನ ಮುಂದೆ ಎರಡನೆಯ ಸಾಕ್ಷಿ ಮಾತ್ರ, ಆಗುತ್ತಿಲ್ಲ ಎಂದವರನ್ನು ಯಾವ ಅಂಕದ ಮೇಲೂ ವಾಪಸು ಕಳಿಸಕೂಡದು ಎಂದು ದಾನೇಶ್ವರಿ ಪಟ್ಟು ಹಿಡಿದು ನಿಯಮ ಬರೆಸಿದಳು. ತನ್ನ ಹೆಸರಿನಲ್ಲೇ ತಪ್ಪೊಪ್ಪಿಗೆ ಪ್ರಕಟಿಸಿದಳು. ಎರಡು ಗೆರೆಗಳ ನಡುವೆ ಸಿಕ್ಕು, ನೀವು ಆರಾಮಿದ್ದೀರಿ ಎಂದು ಚೀಟಿ ಪಡೆದು ಮನೆಗೆ ಹೋದವರು ಎರಡು ಲಕ್ಷ ಹನ್ನೊಂದು ಸಾವಿರ. ಅವರೆಲ್ಲರಿಗೂ ಪತ್ರ ಹೋಯಿತು. ಪತ್ರದ ಒಕ್ಕಣೆ ಸಿಂಚನಾಳದು. ಅಷ್ಟು ಹೊತ್ತಿಗೆ ಅವಳು ಶಾಲೆಗೆ ಮರಳಿದ್ದಳು, ಕರಿಹಲಗೆಯ ಮೇಲೆ ಅಕ್ಷರಗಳು ತಾವಾಗಿ ಬರುತ್ತಿದ್ದವು. ಮಕ್ಕಳಿಗೂ ಅರ್ಥವಾಗುವಂತೆ ನಾಲ್ಕೇ ಸಾಲಿನಲ್ಲಿ ಬರೆದಿದ್ದಳು: ನೀವು ಹೇಳಿದ್ದು ಖರೆ ಇತ್ತು. ನಾವು ನಂಬಲಿಲ್ಲ. ತಪ್ಪು ನಮ್ಮದು. ದಯವಿಟ್ಟು ಬನ್ನಿ.

ಬಹಳ ಮಂದಿ ಬಂದರು. ಆದರೆ ಸಾವಿರದ ಒಂಬೈನೂರ ನಾಲ್ಕು ಪತ್ರಗಳು, ಹೆಸರಿನ ವ್ಯಕ್ತಿ ಈಗಿಲ್ಲ ಎಂಬ ಟಿಪ್ಪಣಿಯೊಂದಿಗೆ ತಿರುಗಿ ಬಂದವು. ಎಲ್ಲರೂ ಒಂದೇ ಕಾರಣಕ್ಕೆ ಇಲ್ಲವಾದವರಲ್ಲ, ವಯಸ್ಸಾಗಿ ಹೋದವರೂ ಇದ್ದಾರು ಎಂದು ರಾಜೇಸಾಬ ಸಮಾಧಾನ ಹೇಳಿದ. ದಾನೇಶ್ವರಿ ಅವುಗಳನ್ನು ತನ್ನ ಕೋಣೆಯ ಕಪಾಟಿನಲ್ಲಿ ಕಣ್ಣಿಗೆ ಬೀಳುವಂತೆ ಇಟ್ಟುಕೊಂಡಳು. ಅಂಕ ಓದುವ ಮೊದಲು ದಿನಾ ಒಮ್ಮೆ ಆ ಕಡೆ ನೋಡುತ್ತಿದ್ದಳು.

ಸಂಧಿಮಾಪಕದ ಹೊಸ ಕೈಪಿಡಿ ಈಗ ಎಲ್ಲ ಕೇಂದ್ರಗಳಲ್ಲೂ ಇದೆ. ಅದರ ಮೊದಲ ಪುಟದಲ್ಲಿ ಯಂತ್ರದ ಚಿತ್ರವಿಲ್ಲ. ಚಪ್ಪಲಿ ಬಿಡಿ, ಕಾಗದ ಬದಿಗಿಡಿ, ಕುಳಿತುಕೊಳ್ಳಿ, ಹೇಗಿದ್ದೀರಿ ಎಂದು ಕೇಳಿ, ಎರಡನೆಯ ಉತ್ತರ ಬರುವವರೆಗೆ ಏಳಬೇಡಿ ಎಂದು ಬರೆದಿದೆ. ತರಬೇತಿಗೆ ಬಂದ ಕಿರಿಯ ವೈದ್ಯೆಯೊಬ್ಬಳು, ಇದಕ್ಕೆ ಯಾವ ಉಪಕರಣ ಬೇಕು ಎಂದು ಮುಗ್ಧವಾಗಿ ಕೇಳಿದಳು. ಒಂದು ಚಾಪೆ ಎಂದಳು ದಾನೇಶ್ವರಿ.

ಅದಕ್ಕೆ ಮಜ್ಜಿಗೆಯಲ್ಲಿ ಬೆರೆಸುವ ದ್ರವ ಬೇಕಿಲ್ಲ, ಟೊಪ್ಪಿಗೆ ಬೇಕಿಲ್ಲ, 2061ರ ತನಕ ಕಾಯಬೇಕಾಗಿಯೂ ಇಲ್ಲ. ಇವತ್ತು ಬೆಳಿಗ್ಗೆ ನಿಮಗೆ ಆರಾಮ ಎಂದು ಹೇಳಿದವರು ಇನ್ನೂ ಪಕ್ಕದ ಕೋಣೆಯಲ್ಲೇ ಇದ್ದಾರೆ.